ಇನ್‌ಸ್ಪೆಕ್ಟರ್ ದೊರೆಯ ಪಾತ್ರ

ಮೀಸೆ ಒಂದು ಕಡೆಯಿಂದ ಬಿಟ್ಟುಕೊಂಡಿತು. ರೋಷನ್ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ತಲೆಯ ಮೇಲಿನ ದೊರೆ ಟೋಪಿ ಸರಿಮಾಡಿಕೊಂಡು, ಎದುರಿಗೆ ಕೂತ ಹದಿನೇಳು ಮಕ್ಕಳ ಮೇಲೆ ಗುಡುಗಿದ.

“ಹದಿಮೂರೇಳಲ ಎಷ್ಟು?”

“ನೈಂಟಿ ವನ್, ಪಪ್ಪಾ,” ಎಂದಳು ಸಮೀಕ್ಷಾ. ಅವನದೇ ಮಗಳು.

“ಕನ್ನಡದಲ್ಲಿ ಹೇಳು ಮಗಾ. ಮತ್ತೆ ಪಪ್ಪ ಅಲ್ಲ, ಸಾರ್,” ಎಂದರು ಚಂದ್ರಮತಿ ಟೀಚರ್.

“ಆ ಕಾಲದಲ್ಲಿ ದೊರೆಗಳೇ ಅಂತಿದ್ರಲ್ವಾ ಟೀಚರ್?” ಎಂದ ರೋಷನ್.

“ಸಾರ್ ಸಾಕು.”

“ತೊಂಬತ್ತೊಂದು, ಸಾರ್!” ಹದಿನೇಳು ಗಂಟಲು ಒಟ್ಟಿಗೆ ಕೂಗಿದವು. ಮೀಸೆ ಪೂರ್ತಿ ಕೆಳಗೆ ಬಿತ್ತು. ದುಬೈಯ ಅಲ್ ಕೂಜ್‌ನ ಆ ಗೋದಾಮಿನ ಅಟ್ಟ ನಗುವಿಗೆ ಅಲ್ಲಾಡಿಹೋಯಿತು.

ಉಡುಪಿ ಕಡೆಯ ಕೊಂಬರಬೈಲು ಅನುದಾನಿತ ಶಾಲೆಗೆ ಆ ವರ್ಷ, 2013ರಲ್ಲಿ, ನೂರಿಪ್ಪತ್ತೈದು ತುಂಬುತ್ತಿತ್ತು. ಚಂದ್ರಮತಿ ಅಲ್ಲಿನ ಮುಖ್ಯೋಪಾಧ್ಯಾಯಿನಿ. ಬೇಸಿಗೆ ರಜೆಯಲ್ಲಿ ಮಗಳ ಮನೆಗೆಂದು ದುಬೈಗೆ ಬಂದವರು ಸುಮ್ಮನೆ ಕೂರುವ ಪೈಕಿಯಲ್ಲ. ಹಳೆ ವಿದ್ಯಾರ್ಥಿಗಳ ಮಕ್ಕಳನ್ನೆಲ್ಲ ಗುಡ್ಡೆ ಹಾಕಿ, ಶುಕ್ರವಾರ ಶುಕ್ರವಾರ ನಾಟಕ ಕಲಿಸತೊಡಗಿದ್ದರು. ಪ್ರದರ್ಶನ ಜುಲೈನಲ್ಲಿ, ಶಾಲೆಯಲ್ಲೇ. ದುಬೈ ಶಾಲೆಗಳಿಗೆ ಆಗ ರಜೆ. ಮಕ್ಕಳೆಲ್ಲ ಹೇಗೂ ಊರಿಗೆ ಹೋಗುವವರೇ.

ಶಾಲೆಯ ಸ್ಥಿತಿ ಮಾತ್ರ ನೆಟ್ಟಗಿರಲಿಲ್ಲ. ಇಂಗ್ಲಿಷ್ ಮೀಡಿಯಂ ಬಸ್ಸುಗಳು ಊರಿನ ಮಕ್ಕಳನ್ನು ಬಾಚಿಕೊಂಡು ಹೋಗಿ, ಉಳಿದವರು ಎಂಟು ಮಂದಿ. ಇಪ್ಪತ್ತೈದು ಇಲ್ಲದಿದ್ದರೆ ಅನುದಾನ ಬಂದ್, ಶಾಲೆಗೆ ಬೀಗ ಎಂದು ಇಲಾಖೆಯಿಂದ ಕಾಗದ ಬಂದಿತ್ತು. “ಆ ಬೀಗ ನನ್ನ ಕೈಯಲ್ಲಿ ಹಾಕಿಸ್ಬೇಡಿ ಮಾರಾಯ್ರೆ,” ಎಂದು ಟೀಚರ್ ಮೊದಲ ದಿನ ಹೇಳಿದಾಗ ರೋಷನ್‌ಗೆ ನಿಜವಾಗಿಯೂ ಅಳು ಬಂದಿತ್ತು. ಅವನು ಅಕ್ಷರ ಕಲಿತದ್ದು, ಬೆತ್ತದ ಪೆಟ್ಟು ತಿಂದದ್ದು ಎರಡೂ ಅಲ್ಲೇ, ಅವರ ಕೈಯಿಂದಲೇ. ನಾಟಕದ ಸುದ್ದಿ ಪೇಪರಿನಲ್ಲಿ ಬಂದರೆ ಊರಿನವರ ಮನಸ್ಸು ತಿರುಗೀತು, ಒಂದಿಷ್ಟು ಮಕ್ಕಳು ವಾಪಸು ಬಂದಾರು ಎಂದು ಅವನ ಆಸೆ.

ನಾಟಕದ ಕಥೆಯೂ ಶಾಲೆಯದೇ. 1893ನೇ ಇಸವಿ. ಇನ್‌ಸ್ಪೆಕ್ಟರ್ ದೊರೆ ಕುದುರೆಯೇರಿ ಬರುತ್ತಾನೆ. ಪಾಸಾದ ತಲೆಗೆ ಇಷ್ಟು ಎಂದು ಸರ್ಕಾರದ ಗ್ರಾಂಟು. ತಲೆ ಕಡಿಮೆಯಾದರೆ ಮಾಸ್ತರರಿಗೆ ಸಂಬಳವಿಲ್ಲ, ಶಾಲೆಗೆ ಹುಲ್ಲಿನ ಮಾಡೂ ಇಲ್ಲ. ಹಿಂದಿನ ಸಂಜೆ ಕೃಷ್ಣಪ್ಪ ಮಾಸ್ತರು ಹೊಳೆ ದಾಟಿ, ಆಚೆ ದಡದ ಮಕ್ಕಳನ್ನು ದೋಣಿ ತುಂಬ ತಂದು ಕೂರಿಸುತ್ತಾರೆ. ದೊರೆ ಮೆಚ್ಚಿ ಸಹಿ ಹಾಕುತ್ತಾನೆ.

ಗತ್ತೆಲ್ಲ ಆ ದೊರೆಯ ಪಾತ್ರದಲ್ಲೇ. ರೋಷನ್‌ಗೆ ಅದೇ ಬೇಕು. ಜೆಬೆಲ್ ಅಲಿಯ ಆಫೀಸಿಗೆ ಹೋಗುವ ದಾರಿಯುದ್ದಕ್ಕೂ ಕಾರಿನೊಳಗೆ ಗದರುವ ಅಭ್ಯಾಸ ನಡೆದಿತ್ತು. ಪಕ್ಕದ ಲೇನಿನ ಲಾರಿಯವನು ಹೆದರಿ ದಾರಿ ಬಿಟ್ಟದ್ದೂ ಉಂಟು.

“ಚಂದ ಆಯ್ತು ರೋಷನ್,” ಎಂದರು ಟೀಚರ್. “ಬರುವ ಶುಕ್ರವಾರ ಬೇರೆಯವರನ್ನು ನೋಡುವ.”

ಬೇರೆಯವರು ಅಂದರೆ ಸೈಫುಲ್ಲಾ. ಭಟ್ಕಳದ ಬಟ್ಟೆ ವ್ಯಾಪಾರಿ, ಅಟ್ಟ ಬಿಟ್ಟುಕೊಟ್ಟ ಗೋದಾಮಿನ ಯಜಮಾನ. ಅವರಿಗೂ ದೊರೆಯಾಗುವ ಹುಚ್ಚು ಹತ್ತಿತು. ಮೊಣಕಾಲವರೆಗಿನ ಬೂಟು ಹಾಕಿಕೊಂಡೇ ಬಂದರು.

“ಯಲ್ಲಾ, ಬೇಗ ಬೇಗ! ಶರಾವತಿ ಎಲ್ಲಿ ಹುಟ್ತದೆ, ಹೇಳಿ!”

ಮಕ್ಕಳು ತಬ್ಬಿಬ್ಬಾದರು. ಮುಂದಿನ ವಾರಕ್ಕೆ ಕಲಿತು ಬಂದರು. ರೋಷನ್ ಬಿಟ್ಟಾನೆಯೇ? ಒತ್ತಕ್ಷರದ ಉಕ್ತಲೇಖನ ಕೊಟ್ಟ. ಸೈಫುಲ್ಲಾ ಭಿನ್ನರಾಶಿ ತಂದರು. ಇಬ್ಬರ ಜಿದ್ದಿಗೆ ಪ್ರಶ್ನೆ ಏರಿದಷ್ಟೂ ಮಕ್ಕಳಿಗೆ ಹುರುಪು. ಆರನೇ ಶುಕ್ರವಾರದ ಹೊತ್ತಿಗೆ ಸಮೀಕ್ಷಾ ಅಮ್ಮನ ಸಾಮಾನು ಚೀಟಿಯ ಕಾಗುಣಿತ ತಿದ್ದುತ್ತಿದ್ದಳು. ಟೀಚರ್ ಇಬ್ಬರು ದೊರೆಗಳನ್ನೂ ಹೊಗಳಿದರು. ಪಾತ್ರ ಮಾತ್ರ ಯಾರಿಗೂ ಕೊಡಲಿಲ್ಲ.

ರೋಷನ್‌ಗೆ ಅನುಮಾನ ಶುರುವಾಯಿತು. ಟೀಚರಿಗೆ ನಾಟಕ ಗೊತ್ತುಂಟೋ ಇಲ್ಲವೋ? ಪರದೆ ಬೇಡವಂತೆ. ಕಚ್ಚೆ, ಜುಟ್ಟು ಯಾವುದೂ ಬೇಡ, ನೀಲಿ-ಬಿಳಿ ಯೂನಿಫಾರ್ಮ್ ಸಾಕು ಎಂದು ಅಳತೆ ತೆಗೆದುಕೊಂಡರು. ಮಕ್ಕಳಿಗೆ ಬಾಯಿಪಾಠದ ಮಾತು ಒಂದೂ ಇಲ್ಲ. ಪ್ರತಿಯೊಬ್ಬರ ಹೆಸರು, ಹುಟ್ಟಿದ ದಿನ, ವಿಮಾನದ ತಾರೀಕು ಬರೆದುಕೊಂಡರು. ಸಾಲದ್ದಕ್ಕೆ ಪ್ರದರ್ಶನ ಸೋಮವಾರ, ಬೆಳಿಗ್ಗೆ ಹತ್ತೂವರೆಗೆ.

“ಆ ಹೊತ್ತಿಗೆ ನಾಟಕ ನೋಡ್ಲಿಕ್ಕೆ ಯಾರು ಬರ್ತಾರೆ ಟೀಚರ್?”

“ಬರ್ಬೇಕಾದವರು ಬರ್ತಾರೆ.”

ಶಾಲೆ ಮುಳುಗಿತು ಎಂದುಕೊಂಡ ರೋಷನ್. ಆ ರಾತ್ರಿ ಊಟ ಸೇರಲಿಲ್ಲ.

ಮೇ ಕೊನೆಗೆ ಟೀಚರ್ ಹೊರಟರು. ಊರಿನಲ್ಲಿ ಶಾಲೆ ತೆರೆಯಬೇಕು. ಬೀಳ್ಕೊಡಲು ರೋಷನ್, ಸೈಫುಲ್ಲಾ ಇಬ್ಬರೂ ವಿಮಾನ ನಿಲ್ದಾಣಕ್ಕೆ ಬಂದರು. ಇನ್ನೊಬ್ಬರನ್ನು ಒಂಟಿಯಾಗಿ ಕಳಿಸುವಷ್ಟು ನಂಬಿಕೆ ಅವರ ನಡುವೆ ಉಳಿದಿರಲಿಲ್ಲ.

“ಟೀಚರ್, ಈಗಾದ್ರೂ ಹೇಳಿ. ದೊರೆ ಯಾರು? ನಾನಾ, ಸೈಫುಲ್ಲಾ ಭಾಯಾ?”

“ಇಬ್ಬರೂ ಅಲ್ಲ. ಆ ಪಾತ್ರಕ್ಕೆ ಜನ ಊರಲ್ಲೇ ಇದ್ದಾರೆ. ಜುಲೈ ಎಂಟಕ್ಕೆ ಬರ್ತೇನೆ ಅಂತ ಕಾಗದವೂ ಬರ್ದಿದ್ದಾರೆ.”

ಇಬ್ಬರು ದೊರೆಗಳ ಮುಖವೂ ಒಟ್ಟಿಗೆ ಇಳಿಯಿತು.

“ಒಂದು ದಿನವೂ ರಿಹರ್ಸಲ್ ಇಲ್ದೆ?” ಎಂದರು ಸೈಫುಲ್ಲಾ. “ತಪ್ಪಿದ್ರೆ?”

“ತಪ್ಪುದಿಲ್ಲ. ಇಪ್ಪತ್ತು ವರ್ಷದಿಂದ ಅವರಿಗೆ ಅದೇ ಕೆಲಸ. ಇಲಾಖೆ ಜೀಪಿನಲ್ಲಿ ಬರ್ತಾರೆ, ತಲೆ ಎಣಿಸ್ತಾರೆ, ನಾಲ್ಕು ಪ್ರಶ್ನೆ ಕೇಳ್ತಾರೆ, ಸಹಿ ಹಾಕಿ ಹೋಗ್ತಾರೆ.” ಚಂದ್ರಮತಿ ಟೀಚರ್ ಪಾಸ್‌ಪೋರ್ಟ್ ಕೈಗೆತ್ತಿಕೊಂಡರು. “ಇದು ನಾಟಕ ಅಂತ ಅವರಿಗೊಬ್ಬರಿಗೆ ಯಾರೂ ಹೇಳ್ಬೇಡಿ, ಆಯ್ತಾ?”