ಹಿಂದಿನ ಸೀಟು

ಕಸ್ತೂರಿ ಸ್ಕೂಟರಿನ ಹಿಂದಿನ ಸೀಟು ಒರೆಸಿದಳು. ಆಸ್ಪತ್ರೆಯಲ್ಲಿ ನರ್ಸುಗಳಿಗೆ ಡ್ಯೂಟಿ ಹಾಕುವ ಮೇಟ್ರನ್ ಮೇಡಂ ಅವರ ಕಾರು ಕೆಟ್ಟಿತ್ತು. ಮನೆಗೆ ಬಿಡು ಎಂದಿದ್ದರು.

“ರಾತ್ರಿ ಡ್ಯೂಟಿ ಮುಗಿಸಿ ಬೆಳಗಿನದೂ ಮಾಡಿದೀನಿ ಮೇಡಂ. ಕಣ್ಣು ಎಳೀತಿದೆ.”

“ಮುಖಕ್ಕೆ ನೀರು ಹಾಕ್ಕೊಂಡು ಬಾ. ನಾವೇನು ಮಾಡಿಲ್ವಾ?”

ಹೋದ ತಿಂಗಳು ಪ್ರಮೀಳಾಗೂ ಇದೇ ಮಾತು ಹೇಳಿದ್ದರು. ಎರಡು ಡ್ಯೂಟಿ ಮುಗಿಸಿ ಹೊರಟ ಆ ನರ್ಸು ಗಾಡಿ ಮೇಲೆಯೇ ನಿದ್ದೆಗೆ ಜಾರಿ ಲಾರಿಯಡಿ ಸಿಕ್ಕಿ ಸತ್ತಳು. ಕಸ್ತೂರಿಯ ಜೊತೆ ಒಂದೇ ಕೋಣೆಯಲ್ಲಿದ್ದವಳು.

ಮಟಮಟ ಮಧ್ಯಾಹ್ನದ ಹೆದ್ದಾರಿ. ಕಸ್ತೂರಿ ಬೇಕೆಂದೇ ತಲೆ ತೂಗಿದಳು. ಗಾಡಿ ವಾಲಿತು.

“ಅಯ್ಯೋ, ಏನೇ ಇದು!”

“ತೂಕಡಿಕೆ ಮೇಡಂ. ಪ್ರಮೀಳಾಗೂ ಹಿಂಗೇ ಬಂದಿರಬೇಕು.”

ಸ್ವಲ್ಪ ದೂರ ಹೋಗಿ ಮತ್ತೆ ತೂಗಿದಳು. ಮೇಡಂ ಅವಳ ಸೊಂಟವನ್ನು ಬಿಗಿಯಾಗಿ ಹಿಡಿದು, “ನಾಳೆಯಿಂದ ಯಾರಿಗೂ ಡಬಲ್ ಡ್ಯೂಟಿ ಹಾಕಲ್ಲ ಕಣಮ್ಮ, ದೇವರಾಣೆ!” ಎಂದು ಅಳತೊಡಗಿದರು. ಆ ಅಳು ಕೇಳಿ, ಪ್ರಮೀಳಾ ಸತ್ತ ಮೇಲೆ ಮೊದಲ ಸಲ ಕಸ್ತೂರಿಯ ಎದೆ ಹಗುರವಾಯಿತು. ಬಿಸಿಗಾಳಿ ಮುಖ ಸವರಿತು.

ಮೂರನೆಯ ಸಲ ಅವಳು ತಲೆ ತೂಗಲಿಲ್ಲ; ಅದು ತಾನಾಗಿಯೇ ಬಾಗಿತು, ಕಣ್ಣುಗಳು ಮುಚ್ಚಿದವು.

“ಗಾಡಿ ನಿಲ್ಲಿಸಮ್ಮ, ನಾನು ಇಳೀತೀನಿ,” ಎಂದರು ಮೇಡಂ.