ಅಂಗೈ ಕೆಳಗಿನ ಬಿಸಿ

ಓಡುತ್ತಿದ್ದ ಎಂಜಿನ್ನಿನ ಪಕ್ಕ ಬಗ್ಗಿ, ಅಕ್ಕ ಹೊಸ ಆಯಿಲ್ ಫಿಲ್ಟರಿನ ಮೇಲೆ ಅಂಗೈ ಒತ್ತಿದಳು. ಅಪ್ಪನ ಹಳೇ ಕಾರಿಗೆ ಎಂಜಿನ್ನಿನಿಂದ ಎರಡು ಪೈಪು ಎಳೆದು ಅದನ್ನು ಕೂರಿಸಿದವನು ತಮ್ಮ. ಕೆಲಸ ಸರಿಯಾದರೆ ಕಾರು ನಿನ್ನದೇ ಎಂದು ಅವಳೇ ಮಾತು ಕೊಟ್ಟಿದ್ದಳು. ಒಳಗೆ ಆಯಿಲ್ ಹರಿದರೆ ಫಿಲ್ಟರಿನ ಡಬ್ಬಿ ಬಿಸಿಯಾಗಬೇಕು.

“ತಣ್ಣಗಿದೆಯಲ್ಲೋ! ಬರೀ ತೋರಿಕೆಗೆ ಸಿಕ್ಕಿಸಿದ್ದೀಯಾ?”

“ಸ್ವಲ್ಪ ತಾಳಕ್ಕ, ಆಯಿಲ್ ತುಂಬ್ಕೋಬೇಕು.”

“ಬುರುಡೆ ಬಿಡೋದ್ರಲ್ಲಿ ನೀನು ಎತ್ತಿದ ಕೈ.”

ಅವನು ತಲೆ ತಗ್ಗಿಸಿದ. ಅಷ್ಟರಲ್ಲಿ ಅವಳ ಅಂಗೈಯಡಿ ಬಿಸಿ ಮೆಲ್ಲಗೆ ಏರತೊಡಗಿತು. ಕಾರು ಕೈತಪ್ಪಿತು ಅನ್ನಿಸಿತು ಅವಳಿಗೆ. ಉರಿಯನ್ನು ಹಲ್ಲುಕಚ್ಚಿ ತಡೆದುಕೊಂಡು, “ಇನ್ನೂ ತಣ್ಣಗೇ ಇದೆ,” ಎಂದಳು.

ತಮ್ಮ ತಾನೇ ಡಬ್ಬಿ ಮುಟ್ಟಿ ನೋಡಿ, ಚುರ್ರೆಂದ ಬೆರಳನ್ನು ಹಿಂದಕ್ಕೆಳೆದುಕೊಂಡ. “ಅಕ್ಕಾ...” ಎಂದ. ಇಷ್ಟು ದಿನ ಅವಳು ಅವನನ್ನು ನೋಡುತ್ತಿದ್ದ ಹಾಗೆಯೇ, ಈಗ ಅವನು ಅವಳನ್ನು ನೋಡಿದ.