ನವೆಂಬರ್ ಮೂವತ್ತೊಂದು

ಶಿವಗಂಗಾ ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು, ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿತುಕುತ್ತಿದ್ದಳು. ಬೇಳೆ ಪಾತ್ರೆಗೆ, ಸಿಪ್ಪೆ ಮೊರಕ್ಕೆ. ಕಣ್ಣು ಮಾತ್ರ ಅಣ್ಣ ಮುನಿರಾಜುವಿನ ಪೆನ್ನಿನ ಮೇಲಿತ್ತು. ಅವನ ಮಗಳು ಚಂದ್ರಕಲಾಳ ಕಾನ್ವೆಂಟಿನವರು ಸೈಕ್ಲೋಸ್ಟೈಲ್ ಯಂತ್ರದಲ್ಲಿ ಅಚ್ಚು ಹಾಕಿ ಕೊಟ್ಟಿದ್ದ ಕಾರ್ಡು ಅವನ ತೊಡೆಯ ಮೇಲಿತ್ತು. 'ತಂದೆ ತಾಯಿ ಮನೆಯಲ್ಲಿ ಮಗುವಿಗೆ ಪಾಠ ಹೇಳಿಕೊಟ್ಟ ಸಮಯ' ಎಂದು ಮೇಲೆ, ಅದರ ಕೆಳಗೆ ದಿನಕ್ಕೊಂದರಂತೆ, ಎಲ್ಲ ತಿಂಗಳಿಗೂ ಒಂದೇ ಸಮ ಮೂವತ್ತೊಂದು ಚೌಕ. ಆವತ್ತು ಡಿಸೆಂಬರಿನ ಮೊದಲ ಭಾನುವಾರ. ಮಾರನೆಯ ದಿನ ಕಾರ್ಡು ಕೊಡಬೇಕು, ನವೆಂಬರ್ ಪೂರ್ತಿ ಖಾಲಿ.

"ದಿನಕ್ಕೆ ಒಂದು ಗಂಟೆ ಅಂತ ಹಾಕ್ಲೇನೇ?" ಎಂದ ಮುನಿರಾಜು.

"ಎದುರುಮನೆ ಯಶೋದಮ್ಮನೋರು ಒಂದು ಗಂಟೆ ಹಾಕಿದಾರಂತೆ," ಅವನ ಹೆಂಡತಿ ವತ್ಸಲಾ ತಲೆ ಬಾಚಿಕೊಳ್ಳುತ್ತಲೇ ಹೇಳಿದಳು. "ನೀವು ಅರ್ಧ ಜಾಸ್ತೀನೇ ಹಾಕ್ರಿ. ಅವರ ಹುಡುಗನಿಗಿಂತ ನಮ್ಮೋಳೇನು ಕಮ್ಮಿನಾ?"

"ಹದಿನೈದು ದಿನ ನಂಗೆ ಸೆಕೆಂಡ್ ಶಿಫ್ಟ್ ಇತ್ತಲ್ಲೇ, ಮನೆಗೆ ಬರ್ತಿದ್ದಿದ್ದೇ ರಾತ್ರಿ ಹನ್ನೊಂದಕ್ಕೆ."

"ಶಿಫ್ಟ್ ವಿಷಯ ಕಾರ್ಡಲ್ಲಿ ಕೇಳಿದಾರಾ?"

ಚಂದ್ರಕಲಾ ಅಪ್ಪನ ಭುಜದ ಮೇಲಿಂದ ಬಗ್ಗಿ ನೋಡಿದಳು. "ಅಪ್ಪಾ, ಪಾಠ ಹೇಳ್ಕೊಡೋದು ಅತ್ತೆ ಅಲ್ವಾ?"

"ಅದ್ರಲ್ಲಿ ತಂದೆ ತಾಯಿ ಅಂತ ಇರೋದು ಕಣೇ. ಅತ್ತೆ ಅನ್ನೋ ಕಾಲಮ್ಮೇ ಇಲ್ಲ," ಎಂದಳು ವತ್ಸಲಾ. "ಹೋಗು, ಅತ್ತೆ ಹತ್ರ ಕೂತ್ಕೊಂಡು ಮಗ್ಗಿ ಹೇಳು."

ಮಗು ಬಂದು ಮೊರದ ಪಕ್ಕ ಕುಳಿತು ಎಂಟರ ಮಗ್ಗಿ ಶುರು ಮಾಡಿತು. ಚಂದ್ರಕಲಾ ಮಗ್ಗಿ ಕಲಿತದ್ದೆಲ್ಲ ರುಬ್ಬುವ ಕಲ್ಲಿನ ಪಕ್ಕ, ಕಾಪಿ ಬರೆದದ್ದೆಲ್ಲ ಒಲೆಯ ಮುಂದೆ. ಅವಳು ಹುಟ್ಟಿದಾಗ, ಮಗು ನೋಡಿಕೊಳ್ಳುವುದಕ್ಕೆಂದು ಶಿವಗಂಗಾಳನ್ನು ಒಂಬತ್ತನೇ ಕ್ಲಾಸಿಗೇ ಬಿಡಿಸಿ ವಿಜಯನಗರದ ಈ ಮನೆಗೆ ಕರೆತಂದಿದ್ದರು. ಒಂದು ವರ್ಷದ ಮಾತು ಅಂದಿದ್ದರು. ಮಗು ಈಗ ಎರಡನೇ ಕ್ಲಾಸು. ಈ ಸಲ ಹೇಗೋ ಧೈರ್ಯ ಮಾಡಿ ಶಿವಗಂಗಾ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದ್ದಳು. ಪರೀಕ್ಷೆ ಮಾರ್ಚಿಗೆ. ಆದರೆ ಅವಳು ಪುಸ್ತಕ ಬಿಡಿಸಿದರೆ ಸಾಕು, ಅತ್ತಿಗೆಗೆ ಒಂದಲ್ಲ ಒಂದು ಕೆಲಸ ನೆನಪಾಗಿಬಿಡುತ್ತಿತ್ತು. ಹೆಚ್ಚು ಬೇಡ, ದಿನಕ್ಕೊಂದು ಗಂಟೆ ಸಿಕ್ಕಿದರೆ ಪಾಸಾಗುತ್ತೇನೆ ಎಂಬ ನಂಬಿಕೆ ಅವಳಿಗಿತ್ತು. ಅಣ್ಣನನ್ನು ಕೇಳಬೇಕೆಂದು ಎಷ್ಟೋ ಸಲ ಹತ್ತಿರ ಹೋಗಿ, ಬರಿದೇ ನೀರು ಕೊಟ್ಟು ಬಂದಿದ್ದಳು.

ಮುನಿರಾಜು ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಗುಮಾಸ್ತ. ಎರಡು ನಿಮಿಷ ತಡವಾಗಿ ಬಂದವನ ಹೆಸರಿಗೂ ಕೆಂಪು ಇಂಕಿನಲ್ಲಿ ಗೀಟು ಎಳೆಯುವವನು. ಈಗ ಅವನ ಕೈ ಮೇಲಿಂದ ಕೆಳಗೆ ಸರಸರನೆ ಇಳಿಯಿತು. ಸಂಜೆ ಏಳರಿಂದ ಎಂಟೂವರೆ, ಏಳರಿಂದ ಎಂಟೂವರೆ. ಎಲ್ಲೂ ತಡೆಯದೆ ಮೂವತ್ತೊಂದನೆಯ ಚೌಕವನ್ನೂ ತುಂಬಿ ಅಡಿಯಲ್ಲಿ ಸಹಿ ಹಾಕಿದ. ನವೆಂಬರಿಗೆ ಮೂವತ್ತೇ ದಿನ ಎನ್ನಲು ಶಿವಗಂಗಾ ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡು ಇನ್ನೊಂದು ಕಾಳು ಹಿತುಕಿದಳು.

ಮುಂದಿನ ಶನಿವಾರ ಕಾನ್ವೆಂಟಿನಲ್ಲಿ ಪೋಷಕರ ಸಭೆ. ಚಂದ್ರಕಲಾಳ ನೀರಿನ ಬಾಟಲಿ ಹಿಡಿದುಕೊಂಡು ಶಿವಗಂಗಾ ಹಿಂದೆ, ಗೋಡೆಯ ಪಕ್ಕ ನಿಂತಿದ್ದಳು.

"ನವೆಂಬರ್ ಒಂದೇ ತಿಂಗಳಲ್ಲಿ ನಲವತ್ತಾರೂವರೆ ಗಂಟೆ!" ಹೆಡ್‌ಮಿಸ್ಸು ಕಾರ್ಡನ್ನು ಎತ್ತಿ ತೋರಿಸಿದರು. "ಶಿಫ್ಟಲ್ಲಿ ದುಡಿಯೋ ತಂದೆ. ಒಂದು ದಿನಾನೂ ತಪ್ಪಿಸಿಲ್ಲ. ಇವರನ್ನ ನೋಡಿ ಎಲ್ಲರೂ ಕಲೀಬೇಕು."

ಸಭೆಯಲ್ಲಿ ಬಿ.ಕಾಂ. ಮಾಡಿದವರಿದ್ದರು, ಬ್ಯಾಂಕಿನವರಿದ್ದರು. ಯಾರೂ ಭಾಗಿಸಿ ನೋಡಲಿಲ್ಲ. ಇಲ್ಲದ ದಿನವನ್ನೂ ಸೇರಿಸಿಯೇ ಚಪ್ಪಾಳೆ ಬಿತ್ತು. ಬಹುಮಾನದ ಸ್ಟೀಲ್ ತಟ್ಟೆ ಹಿಡಿದು ವಾಪಸು ಬರುವಾಗ ಮುನಿರಾಜುವಿನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಅಷ್ಟು ಹೊತ್ತಿಗೆ ಅವನೂ ನಂಬಿಬಿಟ್ಟಿದ್ದ.

ಸಂಜೆ ಯಶೋದಮ್ಮ ವಿಚಾರಿಸಿಕೊಂಡು ಹೋಗಲು ಬಂದರು. "ನಿಮಗೆ ಅದ್ಹೆಂಗೆ ಟೈಮ್ ಸಿಗುತ್ತೆ ಮುನಿರಾಜು? ನಮ್ಮನೆಯವ್ರು ಪೇಪರ್ ಬಿಟ್ಟು ತಲೇನೇ ಎತ್ತಲ್ಲ."

"ಟೈಮ್ ಸಿಗಲ್ಲ ಯಶೋದಮ್ಮನೋರೆ, ನಾವೇ ಮಾಡ್ಕೋಬೇಕು," ಮುನಿರಾಜು ಕುರ್ಚಿಗೆ ಒರಗಿದ. "ಓದೋ ವಿಷಯ ಬಂದ್ರೆ ಈ ಮನೇಲಿ ಮಿಕ್ಕ ಕೆಲಸ ಎಲ್ಲಾ ಆಮೇಲೆ."

"ನಾನಂತೂ ಆ ಹೊತ್ತಲ್ಲಿ ಒಂದು ಕೆಲಸಕ್ಕೂ ಕರೆಯಲ್ಲಪ್ಪ," ವತ್ಸಲಾ ದನಿಗೂಡಿಸಿದಳು.

ಶಿವಗಂಗಾ ಕಾಫಿ ತಂದಳು. ಮೂವರಿಗೂ ಕೊಟ್ಟಳು. ಹೊರಗಿನವರ ಎದುರು ಅವಳು ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಖಾಲಿ ಟ್ರೇಯನ್ನು ಎದೆಗೆ ಅವಚಿಕೊಂಡು ಅಲ್ಲೇ ನಿಂತಳು.

"ಅಣ್ಣಾ, ಪರೀಕ್ಷೆ ಮುಗಿಯೋವರ್ಗೂ ನಂಗೂ ದಿನಕ್ಕೊಂದು ಗಂಟೆ ಓದ್ಕೊಳ್ಳಕ್ಕೆ ಬಿಡಣ್ಣ."

ಯಶೋದಮ್ಮ ಮುನಿರಾಜುವಿನ ಮುಖ ನೋಡಿದರು, ಅವನು ಲೋಟದಿಂದ ತಲೆ ಎತ್ತಲಿಲ್ಲ. ಮೂವರೂ ಕಾಫಿ ಕುಡಿದರು.